ಬೆಳಗಿನ ಮಂಪರಿನ ಜಾಡು

ಕ್ಯಾನ್ಸರ್ ಓಪಿಡಿಯಿಂದ ನಮ್ಮ ಕೋಣೆಗೆ ಬರಲು ಒಂದು ಉದ್ದನೆಯ ಪಡಸಾಲೆ ದಾಟಬೇಕು. ಅಷ್ಟು ದೂರ ನಡೆದು ಬರುವಷ್ಟರಲ್ಲಿ ಜನರ ಮುಖ ಬದಲಾಗಿರುತ್ತದೆ. ನಮ್ಮ ಬಾಗಿಲ ಮೇಲಿರುವ ‘ಉಪಶಮನ ಆರೈಕೆ’ ಎಂಬ ಬೋರ್ಡಿಗೆ ಏನರ್ಥವೆಂದು ದಾರಿಯಲ್ಲಿ ಯಾರನ್ನಾದರೂ ಕೇಳಿರುತ್ತಾರೆ, ಕೇಳಿಸಿಕೊಂಡವರು ತಮಗೆ ತೋಚಿದ್ದನ್ನು ಹೇಳಿರುತ್ತಾರೆ. ಆ ದಿನ ಬಂದ ಮಗಳೂ ಕೇಳಿಕೊಂಡೇ ಬಂದಿದ್ದಳು. ತಾಯಿಯನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ, ತಾನೊಬ್ಬಳೇ ಒಳಗೆ ಬಂದು, ಬಾಗಿಲು ಹಾಕಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಇಲ್ಲಿಗೆ ಕಳ್ಸಿದ್ರು ಅಂದ್ರೆ ಕೈ ಬಿಟ್ರು ಅಂತಂತೆ. ನಿಜಾನಾ ಸಿಸ್ಟರ್?”

ಅವಳು ಸಿಟಿ ಬಸ್ಸಿನ ಕಂಡಕ್ಟರ್. ಡ್ಯೂಟಿ ಮುಗಿಸಿ ನೇರವಾಗಿ ಬಂದಿದ್ದರಿಂದ ಖಾಕಿ ಅಂಗಿಯಲ್ಲೇ ಇದ್ದಳು. ದಿನವಿಡೀ ಹಳೇ ಪಾಸು ತೋರಿಸುವವರ ಜೊತೆ, ಟಿಕೆಟ್ ತೆಗೆದುಕೊಳ್ಳದೆ ಹಿಂದಿನ ಬಾಗಿಲಲ್ಲಿ ಇಳಿದು ಹೋಗುವವರ ಜೊತೆ ಏಗುವವಳು. ಯಾರು ಏನೇ ಹೇಳಿದರೂ ಮೊದಲು ಸುಳ್ಳೆಂದು ಹಿಡಿದು, ಆಮೇಲೆ ಪುರಸೊತ್ತಿದ್ದರೆ ನಂಬುವ ಅಭ್ಯಾಸ ಅವಳದು. ನನಗೂ ಹೆಚ್ಚುಕಡಿಮೆ ಅದೇ ಅಭ್ಯಾಸ. ನಾನು ಆ ವಿಭಾಗದ ನರ್ಸ್. ಮಾರ್ಫಿನ್ ಮಾತ್ರೆಗಳು ನನ್ನ ಸುಪರ್ದಿನಲ್ಲಿರುತ್ತವೆ. ಬೀರುವಿಗೆ ಎರಡು ಬೀಗ, ಎರಡರ ಕೀಲಿಗಳೂ ಒಬ್ಬರ ಹತ್ತಿರ ಇರಕೂಡದು, ಮಾತ್ರೆಯ ಹಳೆಯ ಸ್ಟ್ರಿಪ್ಪು, ಅಂದರೆ ಪಟ್ಟಿ, ಖಾಲಿಯಾಗಿ ವಾಪಸು ಬಂದರೇ ಹೊಸ ಪಟ್ಟಿ. ಇಂಥ ಕೆಲಸದಲ್ಲಿ ಕೆಲವು ವರ್ಷ ಕಳೆದರೆ ಮನೆಯಲ್ಲಿ ಸಕ್ಕರೆ ಡಬ್ಬಿ ಸ್ವಲ್ಪ ಜರುಗಿದ್ದರೂ ಯಾರು ಮುಟ್ಟಿದರು ಎಂದು ಕೇಳುವ ಹಾಗಾಗುತ್ತದೆ.

ನಾನು ಅವಳಿಗೆ ವಿವರಿಸಿದೆ. ಮೊದಲೆಲ್ಲ ಕೀಮೋ ಕೆಲಸ ಮಾಡುವುದು ನಿಂತಮೇಲೆ ನಮ್ಮ ಹತ್ತಿರ ಕಳಿಸುತ್ತಿದ್ದರು. ಬಂದವರು ನೋವು ತಿಂದು ತಿಂದು ಬಸವಳಿದಿರುತ್ತಿದ್ದರು, ನಾವು ಏನು ಮಾಡಬೇಕೆಂದು ಯೋಚಿಸುವಷ್ಟರಲ್ಲಿ ಕಾಲ ಮೀರಿರುತ್ತಿತ್ತು. ಈಗ ನಮ್ಮ ಆಸ್ಪತ್ರೆಯಲ್ಲಿ ಪದ್ಧತಿ ಬದಲಾಗಿದೆ. ಶ್ವಾಸಕೋಶದ ಕ್ಯಾನ್ಸರ್ ಹರಡಿದೆ ಎಂದು ಗೊತ್ತಾದ ಕೂಡಲೇ, ಕೀಮೋ ಶುರುವಾಗುವಾಗಲೇ ನಮ್ಮನ್ನೂ ಜೊತೆಗೆ ಸೇರಿಸಿಕೊಳ್ಳುತ್ತಾರೆ. ಅವರು ಗಡ್ಡೆಯನ್ನು ನೋಡಿಕೊಳ್ಳುತ್ತಾರೆ, ನಾವು ನೋವು, ಉಬ್ಬಸ, ಊಟ, ನಿದ್ದೆ ನೋಡಿಕೊಳ್ಳುತ್ತೇವೆ. ಅವಳು ಎಲ್ಲವನ್ನೂ ಕೇಳಿಸಿಕೊಂಡಳು, ಒಂದನ್ನೂ ನಂಬಲಿಲ್ಲ. ಕೊನೆಗೆ ಒಂದು ಷರತ್ತು ಹಾಕಿ ಬಾಗಿಲು ತೆರೆದಳು. ಅಮ್ಮನಿಗೆ ಎದೆಯಲ್ಲಿ ಗಡ್ಡೆ, ಡ್ರಿಪ್ ಹಾಕಿ ಕರಗಿಸುತ್ತಾರೆ ಎಂದಷ್ಟೇ ಹೇಳಿದ್ದಾಳಂತೆ. ಅದಕ್ಕಿಂತ ಒಂದು ಅಕ್ಷರ ಹೆಚ್ಚು ನಾವು ಆಡಕೂಡದು.

ತಾಯಿ ಬೀಗರೂಟದ ಅಡುಗೆ ಕಂಟ್ರಾಕ್ಟ್ ಮಾಡುತ್ತಿದ್ದವರು. ಮದುವೆಯ ಮರುದಿನ ನೂರಾರು ಜನಕ್ಕೆ ಮುದ್ದೆ, ಬಾಡು ಬೇಯಿಸುವ ತಂಡವನ್ನು ಮೂವತ್ತು ವರ್ಷ ನಡೆಸಿದವರು. ಬೀಡಿ ಸಿಗರೇಟಿನ ಗೊಡವೆ ಇಲ್ಲ, ಸೌದೆ ಹೊಗೆ ಮಾತ್ರ ಬೇಕಾದಷ್ಟು ಕುಡಿದಿದ್ದರು. ಬಲಗಡೆಯ ಪಕ್ಕೆಲುಬುಗಳಿಗೆ ರೋಗ ಇಳಿದಿತ್ತು. ನೋವನ್ನು ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದರೆ ನಮ್ಮ ಕಡೆಯ ಹಿರಿಯರು ನಗುತ್ತಾರೆ. ಹಾಗಾಗಿ ನಾನು ರೂಪಾಯಿಗೆ ಹದಿನಾರಾಣೆ ಎಂಬ ಹಳೆಯ ಆಣೆ ಲೆಕ್ಕದಲ್ಲೇ ಕೇಳುತ್ತೇನೆ. ಕೂತರೆ ಹನ್ನೆರಡಾಣೆ, ಮಲಗಿದರೆ ಹದಿನಾರಾಣೆ ಎಂದರು. ಮಲಗಲು ಆಗದೆ ವಾರಗಟ್ಟಲೆ ಗೋಡೆಗೆ ದಿಂಬು ಒರಗಿಸಿಕೊಂಡು ಕೂತೇ ನಿದ್ದೆ ಮಾಡುತ್ತಿದ್ದರಂತೆ. ಹೀಗಿದ್ದರೆ ಕೀಮೋ ಕುರ್ಚಿಯಲ್ಲಿ ಅರ್ಧ ದಿನ ಕೂರುವುದು ಹೇಗೆ ಎಂಬುದೇ ನಮ್ಮ ಮೊದಲ ಚಿಂತೆಯಾಯಿತು.

ನಮ್ಮ ಡಾಕ್ಟರ್ ನಾಲ್ಕು ಗಂಟೆಗೊಮ್ಮೆ ನುಂಗುವ ಸಣ್ಣ ಮಾರ್ಫಿನ್ ಮಾತ್ರೆ ಬರೆದರು, ಜೊತೆಗೆ ಮಲಬದ್ಧತೆ ಆಗದಂತೆ ಇನ್ನೊಂದು. ಮಾರ್ಫಿನ್ ಎಂದ ಕೂಡಲೇ ಮಗಳು ಫೋನಿನಲ್ಲಿ ಹುಡುಕಿ ನೋಡಿ ನನ್ನ ಮುಖ ನೋಡಿದಳು. ಚಟ ಹತ್ತುವುದಿಲ್ಲ, ನೋವಿಗೆ ತಕ್ಕಷ್ಟು ಕೊಟ್ಟರೆ ಉಸಿರಾಟಕ್ಕೂ ಒಳ್ಳೆಯದು ಎಂದು ಹೇಳಿದ್ದಕ್ಕೆ, ಕೊಡಿ ನೋಡೋಣ ಎಂದಳು. ವಾರ ಕಳೆದು ಬಂದಾಗ ತಾಯಿಯ ನೋವು ನಾಲ್ಕಾಣೆಗೆ ಇಳಿದಿತ್ತು. ಮೊದಲ ಕೀಮೋ ಆರಾಮಾಗಿ ಮುಗಿಯಿತು. ಕುರ್ಚಿಯಲ್ಲಿ ಕೂತು ಪಕ್ಕದ ರೋಗಿಯ ಹೆಂಡತಿಗೆ ಮುದ್ದೆ ಗಂಟಾಗದಂತೆ ತೊಳಸುವುದನ್ನು ಹೇಳಿಕೊಡುತ್ತಿದ್ದರು. ಮಗಳಿಗೆ ಸ್ವಲ್ಪ ನಂಬಿಕೆ ಬಂದಂತಿತ್ತು, ಆದರೆ ಅದನ್ನು ತೋರಿಸುವ ಜಾತಿಯಲ್ಲ ಅವಳು.

ನಾಲ್ಕು ಗಂಟೆಗೊಮ್ಮೆ ಮಾತ್ರೆ ಎಂದರೆ ಮನೆಯವರಿಗೆ ಅದೇ ಒಂದು ಉದ್ಯೋಗ. ಹಾಗಾಗಿ ಎಲ್ಲ ಕಡೆ ಮಾಡುವಂತೆ ನಾವೂ ಮಾಡಿದೆವು. ದಿನವಿಡೀ ಬೇಕಾಗುವ ಮಾರ್ಫಿನ್ ಎಷ್ಟೆಂದು ಕೂಡಿ, ಅಷ್ಟನ್ನೇ ನಿಧಾನವಾಗಿ ಬಿಡುವ ಮಾತ್ರೆಗೆ ಬದಲಾಯಿಸಿದೆವು. ಬೆಳಿಗ್ಗೆ ಒಂದು, ಸಂಜೆ ಒಂದು. ಹೊಟ್ಟೆಯೊಳಗೆ ಹೋದಮೇಲೆ ಸ್ವಲ್ಪಸ್ವಲ್ಪವೇ ಕರಗಿ ಹನ್ನೆರಡು ಗಂಟೆ ಕೆಲಸ ಮಾಡುತ್ತದೆ. ಮಗಳಿಗೆ ಪಟ್ಟಿ ಕೊಟ್ಟು, ಹೊತ್ತು ತಪ್ಪಿಸಬೇಡಿ ಎಂದು ಎರಡು ಸಲ ಹೇಳಿ ಕಳಿಸಿದೆ.

ಮೂರನೆಯ ದಿನವೇ ಫೋನ್ ಬಂತು. ಅಮ್ಮ ಬೆಳಿಗ್ಗೆ ಮಾತ್ರೆ ತೆಗೆದುಕೊಂಡ ಸ್ವಲ್ಪ ಹೊತ್ತಿಗೆ ಮಂಪರಿಗೆ ಬೀಳುತ್ತಾರೆ, ಮಧ್ಯಾಹ್ನದವರೆಗೆ ಏಳಿಸಿದರೂ ಏಳುವುದಿಲ್ಲ, ಎದ್ದರೂ ಮಾತು ತೊದಲುತ್ತದೆ, ಎಂದೋ ತೀರಿಕೊಂಡ ಅಪ್ಪನಿಗೆ ಊಟಕ್ಕೆ ಬಡಿಸು ಎನ್ನುತ್ತಾರೆ. ಮೂರು ಗಂಟೆ ಹೊತ್ತಿಗೆ ಎಚ್ಚರವಾದರೆ ನೋವು, ನೋವು ಎಂದು ಪಕ್ಕೆ ಹಿಡಿದುಕೊಂಡು ಅಳುತ್ತಾರೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿ, ಮಗಳು ದನಿ ತಗ್ಗಿಸಿದಳು.

“ಮಲಗ್ಸಿಬಿಟ್ರೆ ಕೀಮೋ ಕೊಡೋ ಹಂಗಿರಲ್ಲ ಅಲ್ವಾ ಸಿಸ್ಟರ್? ನಂಗೆಲ್ಲಾ ಅರ್ಥ ಆಗುತ್ತೆ.”

ಅವಳ ಅನುಮಾನ ಪೂರ್ತಿ ಬುಡವಿಲ್ಲದ್ದೇನೂ ಅಲ್ಲ. ರೋಗಿ ತನ್ನ ಕೆಲಸ ತಾನು ಮಾಡಿಕೊಂಡು ಓಡಾಡುವಂತಿದ್ದರೆ ಮಾತ್ರ ಕೀಮೋ ತಡೆದುಕೊಳ್ಳುತ್ತಾರೆ, ಅರ್ಧ ದಿನಕ್ಕಿಂತ ಹೆಚ್ಚು ಹಾಸಿಗೆ ಹಿಡಿದವರಿಗೆ ಕೊಟ್ಟರೆ ಒಳ್ಳೆಯದಕ್ಕಿಂತ ಕೆಟ್ಟದ್ದೇ ಹೆಚ್ಚು. ಕ್ಯಾನ್ಸರ್ ಡಾಕ್ಟರನ್ನು ಕೇಳಿದಾಗ ಅವರೂ ಅದನ್ನೇ ಹೇಳಿದರು. ಮುಂದಿನ ಸಲ ಹೀಗೇ ಬಂದರೆ ತಾವು ಕೀಮೋ ಬರೆಯುವುದಿಲ್ಲ. ಅಂದರೆ ಈ ಮಂಪರು ಎಲ್ಲಿಂದ ಬಂತೆಂದು ಪತ್ತೆಯಾಗದಿದ್ದರೆ ಆ ತಾಯಿಯ ಚಿಕಿತ್ಸೆ ಅಲ್ಲಿಗೇ ನಿಲ್ಲುತ್ತಿತ್ತು, ನಮ್ಮ ಮಾತ್ರೆಯೇ ಅದಕ್ಕೆ ಕಾರಣವೆಂದು ಮಗಳು ಊರಿಗೆಲ್ಲ ಸಾರುತ್ತಿದ್ದಳು, ಪಡಸಾಲೆಯಲ್ಲಿ ಹೇಳುವವರ ಮಾತೇ ನಿಜವಾಗುತ್ತಿತ್ತು.

ನಮ್ಮ ಡಾಕ್ಟರ್ ಒಂದೊಂದೇ ಕಾರಣವನ್ನು ಹೊಡೆದು ಹಾಕುತ್ತ ಬಂದರು. ಮೂತ್ರಪಿಂಡ ಸೋತರೆ ಮಾರ್ಫಿನ್ ಮೈಯಲ್ಲೇ ಉಳಿದು ಮಂಪರು ಬರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರು, ಸರಿಯಿತ್ತು. ಕ್ಯಾಲ್ಸಿಯಂ ಏರಿರಬಹುದು, ಸೋಡಿಯಂ ಇಳಿದಿರಬಹುದು; ಎರಡೂ ಸರಿ. ರೋಗ ಮಿದುಳಿಗೆ ಹೋಗಿದೆಯೇ ಎಂದು ಸ್ಕ್ಯಾನ್, ಅದೂ ಸ್ವಚ್ಛ. ಮಾತ್ರೆಯ ಪ್ರಮಾಣ ಇಳಿಸಿದರು. ಮಂಪರು ಅಷ್ಟೇನೂ ಕಡಿಮೆಯಾಗಲಿಲ್ಲ, ಮಧ್ಯಾಹ್ನದ ನೋವು ಮಾತ್ರ ಹೆಚ್ಚಾಯಿತು. ಡಾಕ್ಟರ್ ತಲೆ ಕೆರೆದುಕೊಂಡರು. ಅದೇ ಔಷಧಿ, ಅದೇ ಲೆಕ್ಕ. ಸಣ್ಣ ಮಾತ್ರೆ ತಿನ್ನುವಾಗ ಚೆನ್ನಾಗಿದ್ದವರು ದೊಡ್ಡದಕ್ಕೆ ಹೀಗೇಕಾದರು ಎಂದು ಯಾರಿಗೂ ಹೊಳೆಯಲಿಲ್ಲ.

ನನಗೆ ಮಾತ್ರ ಹೊಳೆದಿತ್ತು. ಮನೆಯಲ್ಲಿ ಯಾರೋ ಇನ್ನೇನನ್ನೋ ಕೊಡುತ್ತಿದ್ದಾರೆ. ನಾಟಿ ಔಷಧಿ ಇರಬಹುದು, ಪರಿಚಯದ ಮೆಡಿಕಲ್ ಶಾಪಿನಿಂದ ತಂದ ನಿದ್ದೆ ಮಾತ್ರೆ ಇರಬಹುದು. ಇಂಥವನ್ನು ನಾನು ಎಷ್ಟೋ ಕಂಡಿದ್ದೇನೆ, ಆದ್ದರಿಂದ ಕಾಣದಿರುವಾಗಲೂ ಕಂಡಂತೆಯೇ ಇರುತ್ತದೆ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಮನೆ ಭೇಟಿಗೆ ಹೊರಟೆ. ಅವರದು ಕುಂಬಾರಕೊಪ್ಪಲು. ವ್ಯಾನಿನ ಮೇಲೆ ನಮ್ಮ ವಿಭಾಗದ ಹೆಸರಿರುವುದರಿಂದ ಮನೆ ಮುಂದೆ ನಿಲ್ಲಿಸಕೂಡದು ಎಂದು ಮಗಳು ಮೊದಲೇ ತಾಕೀತು ಮಾಡಿದ್ದಳು. ಬೀದಿ ಕೊನೆಯಲ್ಲಿ ಇಳಿದು, ಬ್ಯಾಗು ಹೆಗಲಿಗೆ ಹಾಕಿಕೊಂಡು ವಿಮೆ ಏಜೆಂಟರ ಹಾಗೆ ನಡೆದುಹೋದೆ. ಬಾಗಿಲು ತೆರೆದವರು ದೊಡ್ಡಮ್ಮ. ಅಂದರೆ ತಾಯಿಯ ಅಕ್ಕ. ಗಂಡ ಹೋದಮೇಲೆ ತಂಗಿಯ ಮನೆಯಲ್ಲೇ ಇದ್ದವರು. ಮಗಳು ಬಸ್ಸಿಗೆ ಹೋದರೆ ತಾಯಿಯ ಸ್ನಾನ, ಊಟ, ಮಾತ್ರೆ ಎಲ್ಲ ಇವರದೇ. ಇವರು ಆಸ್ಪತ್ರೆಗೆ ಒಮ್ಮೆಯೂ ಬಂದವರಲ್ಲ, ಹಾಗಾಗಿ ನಾನು ನೋಡಿದ್ದೇ ಆಗ.

ಬೆಳಿಗ್ಗೆ ಹತ್ತು ಗಂಟೆ. ತಾಯಿ ಮಂಪರಿನಲ್ಲಿದ್ದರು. ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡಿದೆ, ಕಣ್ಣ ಪಾಪೆ ಸಾಸಿವೆ ಕಾಳಿನಷ್ಟಾಗಿತ್ತು. ಉಸಿರು ನಿಧಾನವಾಗಿತ್ತು, ಗಾಬರಿಯಾಗುವಷ್ಟಲ್ಲ, ಆದರೆ ನನಗೆ ಸರಿಬರಲಿಲ್ಲ. ಇದು ನಿದ್ದೆ ಮಾತ್ರೆಯ ಲಕ್ಷಣವಲ್ಲ, ಮಾರ್ಫಿನ್ ಒಮ್ಮೆಗೇ ಹೆಚ್ಚಾದ ಲಕ್ಷಣ. ಪಟ್ಟಿ ತರಿಸಿ ನೋಡಿದೆ, ಒಂದು ಮಾತ್ರೆಯೂ ಹೆಚ್ಚುಕಡಿಮೆಯಾಗಿರಲಿಲ್ಲ. ಹಾಸಿಗೆ ಪಕ್ಕದಲ್ಲಿ ಒಂದು ಚಮಚ ಇತ್ತು. ಎತ್ತಿ ಮೂಸಿದೆ. ಜೇನುತುಪ್ಪದ ವಾಸನೆ, ಅಂಚಿನಲ್ಲಿ ಬಿಳಿ ಗಂಧದಂಥದ್ದೇನೋ ಒಣಗಿ ಅಂಟಿತ್ತು.

ನೇರವಾಗಿ ದೊಡ್ಡಮ್ಮನನ್ನೇ ಕೇಳಿದೆ, ನಾಟಿ ಔಷಧಿ ಏನಾದರೂ ಕೊಡುತ್ತಿದ್ದೀರಾ ಎಂದು. ಪೊಲೀಸರ ದನಿ ಬಂದುಬಿಟ್ಟಿತ್ತೋ ಏನೋ, ಆಕೆ ಒಂದು ಹೆಜ್ಜೆ ಹಿಂದೆ ಸರಿದರು. “ಏನೂ ಕೊಡಲ್ಲ ಕಣಮ್ಮ, ನೀವು ಕೊಟ್ಟಿದ್ದೇಯ” ಎಂದರು. ಹೇಳುವಾಗ ಅವರ ಕಣ್ಣು ಅಡುಗೆಮನೆಯ ಕಡೆ ಹೋಯಿತು. ನೀರು ಕೇಳುವ ನೆಪದಲ್ಲಿ ನಾನೂ ಅಡುಗೆಮನೆಗೆ ಹೋದೆ. ನನಗಿಂತ ಮುಂದಾಗಿ ಓಡಿದ ದೊಡ್ಡಮ್ಮ ಒಲೆಕಟ್ಟೆಯ ಮೂಲೆಯಲ್ಲಿದ್ದ ಯಾವುದರ ಮೇಲೋ ಮೊರ ಕವುಚಿ, ಅದರ ಮುಂದೆ ನಿಂತುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಕತೆ. ಮೊರ ಎತ್ತಿ ನೋಡುವ ಹಕ್ಕು ನನಗಿರಲಿಲ್ಲ. ನೀರು ಕುಡಿದು ವಾಪಸು ಬಂದೆ.

ಮಾರನೆಯ ದಿನ ನಮ್ಮ ಮೀಟಿಂಗಿನಲ್ಲಿ ಎಲ್ಲವನ್ನೂ ಹೇಳಿದೆ. ಮಾರ್ಫಿನ್ ನಿಲ್ಲಿಸಿ, ಅಡ್ಮಿಟ್ ಮಾಡಿಕೊಂಡು ನೋಡೋಣ ಎಂದರು ಡಾಕ್ಟರ್. ಅದು ಸರಿಯಾದ ದಾರಿಯೇ. ಆದರೆ ಅಡ್ಮಿಟ್ ಮಾಡಿದರೆ ಸಾಯಿಸಲು ಕರೆದೊಯ್ದರು ಎಂದು ಮಗಳು ಬಿಡಿಸಿಕೊಂಡು ಹೋಗುವುದೂ ಖಾತ್ರಿ. ಮಾರ್ಫಿನ್ ನಿಂತರೆ ತಾಯಿ ಮತ್ತೆ ಗೋಡೆಗೆ ಒರಗಿ ಕೂರಬೇಕು. ನಾನು ಒಂದು ದಿನ ಕೇಳಿಕೊಂಡೆ. ಬೆಳಗಿನ ಮಾತ್ರೆಗೆ ಮುಂಚೆ ಹೋಗಿ ಸಂಜೆಯ ಮಾತ್ರೆ ಆಗುವವರೆಗೆ ಅವರ ಮನೆಯಲ್ಲೇ ಇರುತ್ತೇನೆ. ಏನನ್ನೂ ಕೇಳುವುದಿಲ್ಲ, ಏನನ್ನೂ ಹುಡುಕುವುದಿಲ್ಲ. ಕೇಳಿದಷ್ಟೂ ಆ ಮನೆಯವರು ಮುಚ್ಚಿಕೊಳ್ಳುತ್ತಿದ್ದಾರೆ ಎಂಬುದಷ್ಟು ನನಗೆ ಗೊತ್ತಾಗಿತ್ತು. ಡಾಕ್ಟರ್ ಒಪ್ಪಿದರು, ಆದರೆ ಉಸಿರು ಇನ್ನಷ್ಟು ನಿಧಾನವಾದರೆ ತಕ್ಷಣ ಕರೆತರಬೇಕು ಎಂದರು.

ಮಗಳಿಗೆ ಫೋನ್ ಮಾಡಿ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, ಹಾಗಾದರೆ ತಾನೂ ರಜೆ ಹಾಕುತ್ತೇನೆ ಎಂದಳು. ಅಮ್ಮನನ್ನು ನೋಡಿಕೊಳ್ಳುವುದಕ್ಕಾ ಎಂದು ಕೇಳಿದ್ದಕ್ಕೆ, “ಅಮ್ಮನ್ನ ನೀವು ನೋಡ್ಕೊಳ್ಳಿ, ನಿಮ್ಮನ್ನ ನಾನು ನೋಡ್ಕೋತೀನಿ” ಎಂದಳು. ಒಳ್ಳೆಯದೇ ಆಯಿತು ಎಂದುಕೊಂಡೆ. ಹೇಳಬಾರದು, ಅವಳ ಆ ಮಾತು ನನಗೆ ಇಷ್ಟವಾಗಿತ್ತು.

ಹಾಗೆ ಆ ದಿನ ಆ ಮನೆಯಲ್ಲಿ ನಾವು ಮೂವರು ಹೆಂಗಸರು ಒಬ್ಬರ ಮೇಲೊಬ್ಬರು ಕಣ್ಣಿಟ್ಟು ಕೂತೆವು. ನಾನು ದೊಡ್ಡಮ್ಮನನ್ನು, ಮಗಳು ನನ್ನನ್ನು, ದೊಡ್ಡಮ್ಮ ನಮ್ಮಿಬ್ಬರನ್ನೂ. ಮಾತ್ರೆಯ ಹೊತ್ತಾದಾಗ ದೊಡ್ಡಮ್ಮ ಅಡುಗೆಮನೆ ಬಾಗಿಲವರೆಗೆ ಹೋದವರು, ನಾನು ಕೂತಲ್ಲಿಂದ ಒಲೆಕಟ್ಟೆ ಕಾಣುತ್ತದೆಂದು ಗೊತ್ತಾಗಿ ವಾಪಸು ಬಂದರು. ಪಟ್ಟಿಯಿಂದ ಮಾತ್ರೆ ಬಿಡಿಸಿ ತಂಗಿಯ ಬಾಯಿಗೆ ಹಾಕಿ, ಲೋಟದ ನೀರು ಕುಡಿಸಿದರು. ತಾಯಿ ಕೆಮ್ಮಿದರು, ಕಣ್ಣಲ್ಲಿ ನೀರು ಬಂತು, ಎರಡನೆಯ ಸಲ ನುಂಗಿದರು. ಅದರಲ್ಲಿ ನನಗೆ ಯಾವ ವಿಶೇಷವೂ ಕಾಣಲಿಲ್ಲ.

ನಾನು ಮಂಪರಿಗೆ ಕಾಯುತ್ತ ಕೂತೆ. ಒಂಬತ್ತಾಯಿತು, ಹತ್ತಾಯಿತು. ಮಂಪರು ಬರಲಿಲ್ಲ. ಪಾಪೆ ನೋಡಿದೆ, ಉಸಿರು ಎಣಿಸಿದೆ, ಎಲ್ಲ ಸರಿಯಾಗಿತ್ತು. ಹನ್ನೊಂದಕ್ಕೆ ತಾಯಿ ಎದ್ದು ಕೂತು, ಯಾಕೆ ಎಲ್ಲರೂ ಹೆಣ್ಣು ನೋಡಲು ಬಂದವರ ಹಾಗೆ ಕೂತಿದ್ದೀರಿ ಎಂದು ಕೇಳಿದರು. ಮಧ್ಯಾಹ್ನ ತಟ್ಟೆ ತರಿಸಿಕೊಂಡು ಅರ್ಧ ಮುದ್ದೆ ಉಂಡರು, ಸಾರಿಗೆ ಉಪ್ಪು ಸಾಲದು ಎಂದರು. ಮೂರು ಗಂಟೆಗೆ ಬರಬೇಕಿದ್ದ ನೋವು ಬಂತು, ಆದರೆ ಆರಾಣೆಗೆ ನಿಂತಿತು. ಪ್ರಮಾಣ ಇಳಿಸಿದ್ದೆವಲ್ಲ, ಅಷ್ಟು ಬರುವುದು ಸಹಜವೇ.

ಒಳ್ಳೆಯ ದಿನ ಬಂದರೆ ಸಂತೋಷವಾಗಬೇಕು. ನಮಗೆ ಅನುಮಾನ ಹೆಚ್ಚಾಯಿತು. ನಾನಿದ್ದ ದಿನ ತಾಯಿ ಚೆನ್ನಾಗಿದ್ದಾರೆಂದರೆ, ನಾನಿಲ್ಲದ ದಿನ ಯಾರೋ ಏನೋ ಮಾಡುತ್ತಿದ್ದಾರೆ ಎಂದು ನಾನು ತೀರ್ಮಾನಿಸಿದೆ. ಮಗಳು ಹಿತ್ತಲಿಗೆ ಕರೆದು ತನ್ನ ತೀರ್ಮಾನ ಹೇಳಿದಳು. ನಾವು ಕೊಡುವ ಪಟ್ಟಿಯಲ್ಲೇ ಎರಡು ನಮೂನೆ ಇರಬೇಕು, ನಾನು ಬರುವ ದಿನಕ್ಕೆ ಒಳ್ಳೆಯದನ್ನು ಇಟ್ಟಿರಬೇಕು. ಕವುಚಿ ಹಾಕಿದ ಬಾಡಿನ ಕೊಪ್ಪರಿಗೆಗಳ ನಡುವೆ ನಿಂತು ಇಬ್ಬರೂ ಜಗಳವಾಡಿದೆವು, ತಾಯಿಗೆ ಕೇಳಿಸದಂತೆ ಪಿಸುಮಾತಿನಲ್ಲಿ. ಇವಳಿಗೆ ಬುದ್ಧಿ ಹೇಳುವುದಕ್ಕಿಂತ ಕೆಲಸ ಬಿಡುವುದು ಸುಲಭ ಎನ್ನಿಸಿತು.

ಸಂಜೆ ಮಗಳು ದೇವರ ದೀಪ ಹಚ್ಚಿ ಬಂದಳು. ಮಾತ್ರೆಯ ಹೊತ್ತಾಯಿತು. ದೊಡ್ಡಮ್ಮ ಮತ್ತೆ ಪಟ್ಟಿ, ನೀರಿನ ಲೋಟ ಹಿಡಿದು ಬಂದರು. ತಾಯಿ ಲೋಟ ನೋಡಿ ಮುಖ ಸಿಂಡರಿಸಿದರು.

“ಬೆಳಿಗ್ಗೇನೂ ಹಂಗೇ ನುಂಗ್ಸ್ಬುಟ್ಟೆ, ಇನ್ನೂ ಗಂಟ್ಲಲ್ಲೇ ಐತೆ ಅನ್ಸುತ್ತೆ. ಯಾಕಕ್ಕ, ಇವತ್ತು ತೇಯ್ದು ಕೊಡೋಕೆ ಏನಾಯ್ತು ನಿಂಗೆ?”

ಮಗಳು ನನ್ನ ಮುಖ ನೋಡಿದಳು, ನಾನು ದೊಡ್ಡಮ್ಮನ ಮುಖ ನೋಡಿದೆ. ಆಮೇಲೆ ನಾನೇ ಎದ್ದು, ಬನ್ನಿ ದೊಡ್ಡಮ್ಮ, ತೇಯುವುದನ್ನು ನನಗೂ ತೋರಿಸಿ ಎಂದು ಅವರ ಕೈ ಹಿಡಿದುಕೊಂಡು ಅಡುಗೆಮನೆಗೆ ಹೋದೆ. ಅವರು ಮೊರ ಎತ್ತಿದರು. ಕೆಳಗಿದ್ದದ್ದು ಸಾಣೆಕಲ್ಲು. ಆ ಬೀದಿಯ ಎಷ್ಟೋ ಕೂಸುಗಳಿಗೆ ಬಜೆ, ಜಾಯಿಕಾಯಿ ತೇಯ್ದು ನೆಕ್ಕಿಸಿದ ಕಲ್ಲು. ತಂಗಿಗೆ ಮಾತ್ರೆ ಗಂಟಲಲ್ಲಿ ಇಳಿಯುವುದಿಲ್ಲವೆಂದು ಮೊದಲ ದಿನದಿಂದಲೂ ಮಾತ್ರೆಯನ್ನು ಅದರ ಮೇಲೆ ನಾಲ್ಕು ಹನಿ ನೀರಿನಲ್ಲಿ ತೇಯ್ದು, ಜೇನಿನಲ್ಲಿ ಕಲೆಸಿ, ಚಮಚದಲ್ಲಿ ಕೊಡುತ್ತಿದ್ದರು. ಹೊಸ ಮಾತ್ರೆ ಬೇಗ ತೇಯುವುದಿಲ್ಲವಂತೆ. ಮೇಲೆ ಒಂದು ಸಿಪ್ಪೆ ಇದೆಯಂತೆ, ಉಗುರಿನಲ್ಲಿ ಅದನ್ನು ಬಿಡಿಸಿ ಎಸೆಯುತ್ತಾರಂತೆ. ಯಾಕೆ ಮುಚ್ಚಿಟ್ಟಿರಿ ಎಂದದ್ದಕ್ಕೆ, ನಾಟಿ ಔಷಧಿ ಕೊಡುತ್ತೀರಾ ಎಂದು ನೀವು ಕೇಳಿದ್ದೇ ಈ ಕಲ್ಲಿನ ವಿಚಾರ ಎಂದುಕೊಂಡೆ, ಆಸ್ಪತ್ರೆಯವರು ಕಂಡರೆ ಬೈದು ಎಸೆಯುತ್ತಾರೆ ಎಂದರು.

ಸಣ್ಣ ಮಾತ್ರೆಯನ್ನು ತೇಯ್ದರೆ ಏನೂ ಆಗುವುದಿಲ್ಲ, ಅದು ಬೇಗ ಕರಗಬೇಕಾದದ್ದೇ. ಆದರೆ ಹನ್ನೆರಡು ಗಂಟೆ ತಡೆದು ತಡೆದು ಬಿಡಬೇಕಾದ ಮಾತ್ರೆಯನ್ನು ತೇಯ್ದರೆ ಅರ್ಧ ದಿನದ ಮಾರ್ಫಿನ್ ಒಂದೇ ಗುಟುಕಿಗೆ ಒಳಗೆ ಹೋಗುತ್ತದೆ. ಆಮೇಲೆ ಮಧ್ಯಾಹ್ನಕ್ಕೆ ಏನೂ ಉಳಿಯುವುದಿಲ್ಲ. ಸಂಜೆಯ ಮಾತ್ರೆಯ ಮಂಪರನ್ನು ಮನೆಯವರು ರಾತ್ರಿಯ ನಿದ್ದೆ ಎಂದುಕೊಂಡಿದ್ದರು. ನಾವು ಪ್ರಮಾಣ ಇಳಿಸುವ ಬದಲು, ನೋವು ಹೆಚ್ಚಾಯಿತೆಂದು ಏರಿಸಿದ್ದರೆ ಒಂದು ಬೆಳಿಗ್ಗೆ ಉಸಿರೇ ನಿಲ್ಲುತ್ತಿತ್ತು. ಪಟ್ಟಿ ಕೊಡುವಾಗ ಹೊತ್ತು ತಪ್ಪಿಸಬೇಡಿ ಎಂದು ಹೇಳಿದ್ದೆನೇ ಹೊರತು ಒಡೆಯಬೇಡಿ, ತೇಯಬೇಡಿ ಎಂದು ಯಾರಿಗೂ ಹೇಳಿರಲಿಲ್ಲ.

ಹೊರಗೆ ಬಂದು ಇದನ್ನು ಹೇಳಿದಾಗ ಮಗಳು ದೊಡ್ಡಮ್ಮನ ಮೇಲೆ ಹರಿಹಾಯ್ದಳು. ಇಷ್ಟು ದಿನ ನನ್ನ ಮೇಲಿದ್ದದ್ದೆಲ್ಲ ಆ ಮುದುಕಿಯ ತಲೆಗೆ ಹೋಯಿತು. ಕಲ್ಲನ್ನು ಬೀದಿಗೆ ಎಸೆಯುತ್ತೇನೆ, ನಾಳೆಯಿಂದ ಮಾತ್ರೆ ಮುಟ್ಟಬೇಡ ಎಂದಳು. ದೊಡ್ಡಮ್ಮ ಗೋಡೆ ಹಿಡಿದುಕೊಂಡು ಕುಸಿದು ಕೂತರು. ನನ್ನನ್ನು ನೋಡಿ, “ನಾನೇ ಅವ್ಳನ್ನ ಸಾಯಿಸ್ತಿದ್ನಾ ಸಿಸ್ಟರಮ್ಮ?” ಎಂದು ಕೇಳಿದರು. ಇಲ್ಲ ಎಂದೆ. ನಾವು ಹೇಳಬೇಕಿತ್ತು, ಹೇಳಲಿಲ್ಲ, ಕಲ್ಲಿನದಾಗಲಿ ನಿಮ್ಮದಾಗಲಿ ಏನೂ ತಪ್ಪಿಲ್ಲ ಎಂದೆ. ಅವರು ನಂಬಿದಂತೆ ಕಾಣಲಿಲ್ಲ.

ಆಗ ತಾಯಿ ಅಕ್ಕನ ಕಡೆ ತಿರುಗಿದರು. ಬಾಡು ಹದವಾಗಿ ಬೇಯಲೆಂದು ಕೆಂಡದ ಮೇಲೆ ಬೂದಿ ಮುಚ್ಚಿ ಇಟ್ಟಿರುತ್ತೇವಲ್ಲ, ಅದನ್ನು ಊದಿ ಊದಿ ಉರಿ ಮಾಡಿದ್ದೀಯ ಕಣಕ್ಕ ಎಂದು ನಕ್ಕರು. ನಾನು ಹೇಳಿದ್ದಕ್ಕಿಂತ ಅದು ದೊಡ್ಡಮ್ಮನಿಗೆ ಚೆನ್ನಾಗಿ ಅರ್ಥವಾಯಿತು. ಆಮೇಲೆ ಮಗಳ ಕಡೆ ತಿರುಗಿ, “ಮಾತ್ರೆ ಕೊಡೋಳು ಅಕ್ಕಾನೇಯ. ನೀನು ಬಸ್ಸು ನೋಡ್ಕೋ” ಎಂದರು. ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಡಾಕ್ಟರಿಗೆ ಅಲ್ಲಿಂದಲೇ ಫೋನ್ ಮಾಡಿದೆ. ದೊಡ್ಡ ಮಾತ್ರೆಯನ್ನು ಇಡಿಯಾಗಿ ಬಾಳೆಹಣ್ಣಿನ ಚೂರಿನಲ್ಲಿ ಇಟ್ಟು ನುಂಗಿಸುವುದೆಂದು ಇತ್ಯರ್ಥವಾಯಿತು. ನಡುವೆ ನೋವು ನುಗ್ಗಿ ಬಂದರೆ ಕೊಡಲು ಹಳೆಯ ಸಣ್ಣ ಮಾತ್ರೆಯನ್ನೂ ಇಟ್ಟೆವು. ಅದನ್ನು ತೇಯಬಹುದು. ಒಂದು ಕಲ್ಲಿನ ಹತ್ತಿರ ಹೋಗಕೂಡದ ಮಾತ್ರೆ, ಇನ್ನೊಂದು ಕಲ್ಲಿನ ಮಾತ್ರೆ ಎಂದು ದೊಡ್ಡಮ್ಮನಿಗೆ ಹೇಳಿಕೊಟ್ಟೆ. ಬಾಳೆಹಣ್ಣಿನಲ್ಲಿ ನುಂಗಿಸುವುದನ್ನು ಅವರ ಕೈಯಲ್ಲೇ ಮಾಡಿಸಿ ನೋಡಿದೆ. ತಾಯಿ ಕೆಮ್ಮಲಿಲ್ಲ. ಮಾರನೆಯ ವಾರ ಪ್ರಮಾಣವನ್ನು ಮೊದಲಿನಷ್ಟಕ್ಕೆ ಏರಿಸಿದೆವು. ಅಂದಿನಿಂದ ನಮ್ಮ ವಿಭಾಗದಲ್ಲಿ ಮಾತ್ರೆ ತೆಗೆದುಕೊಳ್ಳುತ್ತೀರಾ ಎಂದು ಕೇಳುವುದನ್ನು ಬಿಟ್ಟು, ಹೇಗೆ ತೆಗೆದುಕೊಳ್ಳುತ್ತೀರಿ, ಮಾಡಿ ತೋರಿಸಿ ಎನ್ನುತ್ತೇವೆ.

ಎರಡನೆಯ ಕೀಮೋಗೆ ತಾಯಿ ತಾವೇ ನಡೆದುಕೊಂಡು ಬಂದರು. ಕ್ಯಾನ್ಸರ್ ಡಾಕ್ಟರ್ ಅವರನ್ನೂ ನನ್ನನ್ನೂ ನೋಡಿ, ಏನೂ ಕೇಳದೆ ಕೀಮೋ ಬರೆದರು. ಡ್ರಿಪ್ ಹನಿಯುತ್ತಿರುವಾಗ ಮಗಳು ಕಾಫಿಗೆ ಹೋದಳು. ತಾಯಿ ನನ್ನನ್ನು ಹತ್ತಿರ ಕರೆದರು.

“ಅಕ್ಕ ಕಲ್ಲು ಮುಚ್ಚಿಟ್ಲು, ಸರಿ. ನೀವೆಲ್ಲಾ ಸೇರ್ಕೊಂಡು ನನ್ನ ಹತ್ರ ಏನ್ ಮುಚ್ಚಿಟ್ಟಿದ್ದೀರಾ?”

ಇಂಥ ಪ್ರಶ್ನೆಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಉತ್ತರ ಹೇಳುವುದು ನಮಗೆಲ್ಲ ಅಭ್ಯಾಸ. ನಾನು ಹಾಗೆ ಹೇಳಲಿಲ್ಲ. ನಿಮಗೆ ಏನು ತಿಳಿಯಬೇಕೋ ಅದನ್ನು ಡಾಕ್ಟರ್ ಕೂತು ಹೇಳುತ್ತಾರೆ, ಈಗಲೇ ಕರೆಯಲಾ ಎಂದೆ. ಅವರು ಡ್ರಿಪ್ಪಿನ ಕಡೆ ನೋಡಿದರು. ಈಗ ಬೇಡ, ಇದು ಕೆಲಸ ಮಾಡುವಷ್ಟು ದಿನ ಮಾಡಲಿ ಎಂದರು. ಕೆಲಸ ಮಾಡುವುದು ನಿಂತಾಗ ಮೊದಲು ತಮಗೆ ಹೇಳಬೇಕು, ಮಗಳಿಗಲ್ಲ. ಅವಳಿಗೆ ತಾವೇ ತಿಳಿಸುವುದಾಗಿ ಹೇಳಿದರು. ನಾನು ಇದನ್ನು ಇಬ್ಬರು ಡಾಕ್ಟರಿಗೂ ಮುಟ್ಟಿಸಿದೆ. ರೋಗಿಯೇ ಕೇಳಿದಮೇಲೆ ಮಗಳ ಷರತ್ತಿಗೆ ಬೆಲೆ ಇಲ್ಲ ಎಂದರು ನಮ್ಮ ಡಾಕ್ಟರ್. ಕಾಫಿ ಕುಡಿದು ಬಂದ ಮಗಳು ನಮ್ಮಿಬ್ಬರ ಮುಖವನ್ನೂ ನೋಡಿದಳು. ಏನೋ ನಡೆದಿದೆ ಎಂದು ಅವಳಿಗೆ ವಾಸನೆ ಬಡಿದಿತ್ತು.

ಆಮೇಲೆ ಕೆಲವು ತಿಂಗಳು ಚೆನ್ನಾಗಿಯೇ ಕಳೆದವು. ತಾಯಿ ಮಂಡಕಳ್ಳಿಯ ಒಂದು ಬೀಗರೂಟಕ್ಕೆ ಹೋಗಿ, ಕುರ್ಚಿ ಹಾಕಿಸಿಕೊಂಡು ಹೊಗೆ ಬಾರದ ಕಡೆ ಕೂತು, ಹಳೆಯ ತಂಡದವರನ್ನು ಬೈಯುತ್ತ ಅಡುಗೆ ಮಾಡಿಸಿದರಂತೆ. ದೊಡ್ಡಮ್ಮ ನನಗೆ ಒಂದು ಡಬ್ಬಿ ಬಾಡು ಕಳಿಸಿದ್ದರು. ತಂದುಕೊಟ್ಟ ಮಗಳು, ಇದರಲ್ಲಿ ಏನೂ ಬೆರೆಸಿಲ್ಲ, ಧೈರ್ಯವಾಗಿ ತಿನ್ನಿ ಎಂದಳು.

ಮುಂದಿನ ಸ್ಕ್ಯಾನಿನಲ್ಲಿ ರೋಗ ಯಕೃತ್ತಿಗೆ ಹೋಗಿರುವುದು ಕಂಡಿತು. ಇನ್ನು ಕೀಮೋದಿಂದ ಪ್ರಯೋಜನವಿಲ್ಲ ಎಂದರು ಕ್ಯಾನ್ಸರ್ ಡಾಕ್ಟರ್. ನಾನು ತಾಯಿಗೆ ಫೋನ್ ಮಾಡಿ, ರಿಪೋರ್ಟ್ ಬಂದಿದೆ ಎಂದಷ್ಟೇ ಹೇಳಿದೆ. ಮಗಳು ಡ್ಯೂಟಿಯಲ್ಲಿದ್ದ ಹೊತ್ತು ನೋಡಿಕೊಂಡು ಅವರು ಅಕ್ಕನ ಜೊತೆ ಆಟೋದಲ್ಲಿ ಬಂದರು. ನಮ್ಮ ಡಾಕ್ಟರ್ ಬಾಗಿಲು ಹಾಕಿ, ಹತ್ತಿರ ಕುರ್ಚಿ ಎಳೆದುಕೊಂಡು, ಎಷ್ಟು ತಿಳಿಯಬೇಕೆಂದು ಕೇಳಿ, ಅಷ್ಟನ್ನೂ ಹೇಳಿದರು. ದೊಡ್ಡಮ್ಮ ಸೆರಗು ಬಾಯಿಗೆ ಒತ್ತಿಕೊಂಡರು. ತಾಯಿ ಎರಡೇ ಪ್ರಶ್ನೆ ಕೇಳಿದರು. ನೋವಿಗೆ ಔಷಧಿ ಕೊನೆವರೆಗೂ ಇರುತ್ತದೆಯೇ, ಸಿಸ್ಟರು ಮನೆಗೆ ಬರುತ್ತಾರೆಯೇ. ಇರುತ್ತದೆ, ಬರುತ್ತಾರೆ ಎಂದರು ಡಾಕ್ಟರ್. ನಾನು ಅಳಬಾರದೆಂದು ಕಿಟಕಿಯ ಕಡೆ ತಿರುಗಿದೆ.

ಡಾಕ್ಟರ್ ಹೋದಮೇಲೆ ತಾಯಿ ತಮ್ಮ ಫೋನ್ ನನ್ನ ಕೈಗೆ ಕೊಟ್ಟು ಮಗಳಿಗೆ ಹಚ್ಚಿಕೊಡಿ ಎಂದರು. ಕಿವಿ ಸ್ವಲ್ಪ ಮಂದವಾದ್ದರಿಂದ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟೆ. ಬಸ್ಸಿನ ಸದ್ದು, ಯಾರೋ ಚಿಲ್ಲರೆ ಕೇಳುವ ಸದ್ದು ಕೇಳಿಸಿತು. ಸಂಜೆ ಬೇಗ ಮನೆಗೆ ಬಾ ಎಂದರು ತಾಯಿ. ಯಾಕೆ, ಎಲ್ಲಿದ್ದೀಯ, ಪಕ್ಕದಲ್ಲಿ ಯಾರಿದ್ದಾರೆ ಎಂದು ಮಗಳು ಒಂದರ ಮೇಲೊಂದು ಕೇಳಿದಳು. ತಾಯಿ ಉತ್ತರ ಕೊಡುವ ಮೊದಲೇ, ಆ ಸಿಸ್ಟರ್ ಅಲ್ಲೇ ಇದ್ದರೆ ಅವರಿಗೆ ಫೋನ್ ಕೊಡು ಎಂದಳು. ತಾಯಿ ನನಗೆ ಮಾತನಾಡುವಂತೆ ಸನ್ನೆ ಮಾಡಿದರು.

ಹೇಳಮ್ಮ ಎಂದೆ.

“ಸ್ಕ್ಯಾನ್ ರಿಪೋರ್ಟ್ ಬಂತಾ?”

ಬಂತು ಎಂದೆ. ಮುಂದಿನದನ್ನು ಹೇಳಲು ತಾಯಿಯ ಒಪ್ಪಿಗೆ ಬೇಕಿತ್ತು, ಅವರ ಮುಖ ನೋಡಿದೆ. ಮಗಳಿಗೆ ಅಷ್ಟೇ ಸಾಕಾಯಿತು. ಬಸ್ಸು ಯಾವುದೋ ಸ್ಟಾಪಿನಲ್ಲಿ ನಿಂತಿತು, ಜನ ಇಳಿದರು, ಹತ್ತಿದರು. ಅವಳು ರೈಟ್ ಹೇಳಲು ಮರೆತಳೆಂದು ಕಾಣುತ್ತದೆ, ಡ್ರೈವರ್ ಎರಡು ಸಲ ಕೂಗಿದ್ದು ನಮಗೂ ಕೇಳಿಸಿತು.

“ಸಿಸ್ಟರೇ,” ಎಂದಳು. ಆ ದನಿಯನ್ನು ನಾನು ಮೊದಲು ಕೇಳಿರಲಿಲ್ಲ. “ನೀವು ಹೇಳಿದ್ದೆಲ್ಲಾ ನಂಬ್ತೀನಿ. ಅಮ್ಮಂಗೆ ಮಾತ್ರ ಹೇಳ್ಬೇಡಿ.”

ತಾಯಿ ಮೇಜಿನ ಮೇಲೆ ಬಾಗಿ ಫೋನಿನ ಹತ್ತಿರ ಬಾಯಿ ತಂದರು.

“ನಂಗೆ ಹೇಳಿದ್ದಾಯ್ತು ಕಣವ್ವ. ನೀನು ಡ್ಯೂಟಿ ಮುಗಿಸ್ಕೊಂಡು ಮನೆಗ್ ಬಾ, ಕೂತ್ಕೊಂಡು ಮಾತಾಡಾನ.”